ಏಟಿಗೆ ಹತ್ತು ರೂಪಾಯಿ

ನಿನ್ನೆ ಸಂಜೆ ಪೇಟೆಯಲ್ಲಿ ಒಂದು ಅಂಗಡಿಗೆ ದುಡ್ಡು ವಸೂಲಿಗೆ ಹೋಗಿದ್ದೆ. ಅಂಗಡಿಯವರು ಹತ್ತು ವರ್ಷದಿಂದ ಪರಿಚಯ. ನಮ್ಮದು ಪೇಂಟ್‌ಬಾಲ್ ತಂಡ, ಆಟದ ಹೆಸರಲ್ಲಿ ಶಾಲಾ ಮಕ್ಕಳ ಕನ್ನಡಕಕ್ಕೆ ದುಡ್ಡು ಕೂಡಿಸುತ್ತೇವೆ. ಹೋದ ವಾರ ಅವರೇ ನಮ್ಮ ಪುಸ್ತಕದಲ್ಲಿ ಹೆಸರು ಬರೆಸಿದ್ದರು, ಎದುರಾಳಿ ಒಬ್ಬ ಔಟಾದರೆ 20 ರೂಪಾಯಿ ಅಂತ. ಭಾನುವಾರ ಬೆಂಗಳೂರಿನ ಟೂರ್ನಮೆಂಟ್‌ನಲ್ಲಿ ಏಳು ಮ್ಯಾಚ್ ಸೇರಿ ನಾವು 23 ಜನರನ್ನು ಔಟ್ ಮಾಡಿದ್ದೆವು. 460 ರೂಪಾಯಿ. ಅವರು ಎಣಿಸಿ ಕೊಟ್ಟರು. ಕೊಡುತ್ತಾ ಪಕ್ಕದ ಗಿರಾಕಿಗೆ ಹೇಳಿದರು: "ಇವ್ರು ಬೆಂಗ್ಳೂರಿಗೆ ಹೋಗಿ ಮಜಾ ಮಾಡ್ತಾರೆ, ದುಡ್ಡು ಕಟ್ಟೋದು ನಾವು. ಧರ್ಮ ಮಾಡೋದಾದ್ರೆ ನೆಟ್ಟಗೆ ಮಾಡಬಾರ್ದಾ? ಮಧ್ಯದಲ್ಲಿ ಈ ಆಟ ಯಾಕೆ ಬೇಕು?"

ನಾನು ಏನೂ ಮಾತಾಡಲಿಲ್ಲ. ರಸೀದಿ ಹರಿದು ಕೊಟ್ಟು ಬಂದೆ. ರಾತ್ರಿ ಊಟ ಸೇರಲಿಲ್ಲ. ಈ ಮಾತು ಇದೇ ಮೊದಲಲ್ಲ. ಎರಡು ವರ್ಷದಿಂದ ಕೇಳುತ್ತಿದ್ದೇನೆ. ಮದುವೆ ಮನೆಯಲ್ಲಿ ಕೇಳಿದ್ದೇನೆ, ಆಫೀಸಿನಲ್ಲಿ ಕೇಳಿದ್ದೇನೆ, ಸ್ವಂತ ಚಿಕ್ಕಪ್ಪನ ಬಾಯಲ್ಲೂ ಕೇಳಿದ್ದೇನೆ. ಆಟ ಯಾಕೆ ಬೇಕು? ಇವತ್ತು ಬರೆದೇ ಮಲಗುವುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ. ಓದಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪೇಂಟ್‌ಬಾಲ್ ಅಂದರೆ ಗೋಲಿಯಷ್ಟು ದಪ್ಪದ ಬಣ್ಣದ ಗುಂಡು. ಹೊರಗಡೆ ಜೆಲಟಿನ್ ಸಿಪ್ಪೆ, ಮಾತ್ರೆಯ ಕ್ಯಾಪ್ಸೂಲ್ ಇರುತ್ತಲ್ಲ ಹಾಗೆ. ಒಳಗಡೆ ನೀರಲ್ಲಿ ತೊಳೆದರೆ ಹೋಗುವ ಬಣ್ಣ. ಮೈಗೆ ಬಿದ್ದು ಒಡೆದರೆ ನೀವು ಔಟ್. ನಾವು ಆಡುವುದು ಐದೈದು ಜನರ ಆಟ, ಗಾಳಿ ತುಂಬಿದ ದೊಡ್ಡ ದಿಂಬುಗಳ ಮರೆಯಲ್ಲಿ, ಅದಕ್ಕೆ ಬಂಕರ್ ಅಂತಾರೆ. ತಂಡದಲ್ಲಿ ಏಳು ಜನ ಇದ್ದೇವೆ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು ಒಬ್ಬರು, ಅವರೇ ಕ್ಯಾಪ್ಟನ್. ಐಟಿಐ ಮೇಷ್ಟ್ರು ಒಬ್ಬರು, ಸ್ಟಾಫ್ ನರ್ಸ್ ಒಬ್ಬರು, ಗೂಡ್ಸ್ ಟೆಂಪೊ ಓಡಿಸುವ ಹುಡುಗ, ಡಿಗ್ರಿ ಓದುವ ಇಬ್ಬರು, ಮತ್ತೆ ನಾನು. ಶ್ರೀನಿವಾಸಪುರ ರೋಡಿನಲ್ಲಿ ನಮ್ಮ ಮೇಷ್ಟ್ರ ಮಾವಿನ ತೋಪಿದೆ. ಪ್ರಾಕ್ಟೀಸ್ ಅಲ್ಲೇ. ಬಂಕರ್ ತರುವಷ್ಟು ದುಡ್ಡಿಲ್ಲ. ಮಂಡಿಯ ಹಳೇ ಪ್ಲಾಸ್ಟಿಕ್ ಕ್ರೇಟುಗಳನ್ನು ಆಳೆತ್ತರ ಜೋಡಿಸಿ ಅದರ ಹಿಂದೆ ಕೂರುತ್ತೇವೆ. ಗುಂಡಿನ ರೇಟು ಜಾಸ್ತಿ, ಹಾಗಾಗಿ ಅರ್ಧ ದಿನ ಬರೀ ಓಡುವುದು, ಬಗ್ಗುವುದು, ಕೂಗಿ ಸುಳಿವು ಕೊಡುವುದು. ಒಮ್ಮೆ ಡಿಗ್ರಿ ಹುಡುಗ, ಕೊಳೆತ ಟೊಮೆಟೊ ಎಸೆದು ಪ್ರಾಕ್ಟೀಸ್ ಮಾಡೋಣ ಅಂದ. ಟೆಂಪೊ ಹುಡುಗ ಒಪ್ಪಲಿಲ್ಲ. "ರೇಟು ಬಿದ್ದಾಗ ನಮ್ಮಪ್ಪ ರೋಡಿಗೆ ಸುರಿದಿದ್ದನ್ನ ನೋಡಿದೀನಣ್ಣ. ನನ್ನ ಕೈಲಿ ಎಸೆಯೋಕಾಗಲ್ಲ" ಅಂದ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಈಗ ದುಡ್ಡಿನ ವಿಷಯ. ನೂರು ಸಲ ಹೇಳಿದ್ದೇನೆ, ನೂರ ಒಂದನೇ ಸಲ ಹೇಳುತ್ತೇನೆ. ಎಂಟ್ರಿ ಫೀಸು, ಗುಂಡು, ಅದನ್ನು ಹಾರಿಸುವ ಬಾಡಿಗೆ ಗನ್ನು (ಮಾರ್ಕರ್ ಅಂತಾರೆ), ಅದರ ಗ್ಯಾಸು, ಡೀಸೆಲ್, ಊಟ, ಎಲ್ಲವೂ ನಮ್ಮ ಜೇಬಿನಿಂದ. ಈ ಸಲ ತಲಾ 1,500 ರೂಪಾಯಿ ಬಿತ್ತು. ನೀವು ಬರೆಸಿದ ದುಡ್ಡು ಬೇರೆ ಖಾತೆಗೆ ಹೋಗುತ್ತದೆ. ಅದರಿಂದ ಒಂದು ಲೋಟ ಟೀ ಕುಡಿದಿಲ್ಲ. ಭಾನುವಾರದ ಆಟಕ್ಕೆ 64 ಜನ ಬರೆಸಿದ್ದರು, 18,500 ರೂಪಾಯಿ ಆಯಿತು. ಒಂದು ಕನ್ನಡಕಕ್ಕೆ ಕನ್ನಡಕದ ಅಂಗಡಿಯವರು ನಮಗೆ ಹಾಕುವ ರೇಟು 500. ಅಲ್ಲಿಗೆ 37 ಮಕ್ಕಳು.

ಕನ್ನಡಕವೇ ಯಾಕೆ ಅಂತ ಕೇಳುವವರಿದ್ದಾರೆ. ಆಟದ ಮೊದಲ ನಿಯಮವೇ ಕಣ್ಣು. ಗುಂಡು ಸೆಕೆಂಡಿಗೆ 300 ಅಡಿವರೆಗೆ ಹೋಗುತ್ತದೆ, ಅಂದರೆ ಗಂಟೆಗೆ ಹತ್ತಿರ ಹತ್ತಿರ 330 ಕಿಲೋಮೀಟರ್. ತೊಡೆಗೆ ಬಿದ್ದರೆ ವಾರ ಕಾಲ ನೀಲಿ ಕಲೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದಕ್ಕೇ ಅಂಗಳದಲ್ಲಿ ಮಾಸ್ಕ್ ತೆಗೆಯುವ ಹಾಗಿಲ್ಲ, ಬೆವರಿ ಉಸಿರು ಕಟ್ಟಿದರೂ ತೆಗೆಯುವ ಹಾಗಿಲ್ಲ. ಆಟಕ್ಕೆ ಮುಂಚೆ ಪ್ರತಿ ಮಾರ್ಕರ್‌ನ ವೇಗ ಅಳೆಯುತ್ತಾರೆ. ಆಟ ಮುಗಿದ ಕೂಡಲೇ ಕೊಳವೆಯ ಬಾಯಿಗೆ ಚೀಲ ಹಾಕಿಸುತ್ತಾರೆ. ಮಾಸ್ಕಿನ ಮುಂದಿರುವುದು ಪಾಲಿಕಾರ್ಬೊನೇಟ್, ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ಕು. ನಾವು ಮಕ್ಕಳಿಗೆ ಮಾಡಿಸುವ ಕನ್ನಡಕಕ್ಕೂ ಅದನ್ನೇ ಹಾಕಿಸುತ್ತೇವೆ, ಬಿದ್ದರೂ ಚೂರಾಗಬಾರದು ಅಂತ.

ಇನ್ನೊಂದು ಕಾರಣ ನಾನೇ. ನನ್ನ ದಪ್ಪ ಕನ್ನಡಕ ನೋಡಿದವರಿಗೆ ಗೊತ್ತು. ಆದರೆ ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಆರನೇ ಕ್ಲಾಸಿನಿಂದ ನನಗೆ ಬೋರ್ಡು ಕಾಣುತ್ತಿರಲಿಲ್ಲ. ಎತ್ತರ ಇದ್ದೆ ಅಂತ ಕೊನೇ ಬೆಂಚಿಗೆ ಕೂರಿಸಿದ್ದರು. ಪಕ್ಕದವನ ಪುಸ್ತಕ ನೋಡಿ ಬರೆದುಕೊಂಡರೆ ಕಾಪಿ ಹೊಡೀತಾನೆ ಅಂತ ಏಟು. ಬರೆಯದಿದ್ದರೆ ಸೋಮಾರಿ ಅಂತ ಏಟು. ನನಗೆ ಕಣ್ಣು ಕಾಣಲ್ಲ ಅನ್ನುವುದು ನನಗೇ ಗೊತ್ತಿರಲಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿದ್ದೆ. ಅಪ್ಪ, ಇವನ ತಲೆಗೆ ವಿದ್ಯೆ ಹತ್ತಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಕನ್ನಡಕ ಬಂದಿದ್ದು ಪಿಯುಸಿಯಲ್ಲಿ. ಮಾಸ್ಕಿನ ಒಳಗೆ ಕನ್ನಡಕ ಹಾಕಿಕೊಂಡೇ ಆಡುತ್ತೇನೆ. ಬೆವರಿಗೆ ಗಾಜು ಮಬ್ಬಾಗಿ, ಎದುರಿನ ಬಂಕರ್ ಬರೀ ಒಂದು ಬಣ್ಣದ ಕಲೆಯ ಹಾಗೆ ಕಂಡಾಗ ನನಗೆ ಆ ಬೋರ್ಡೇ ನೆನಪಾಗುತ್ತದೆ.

ಹೋದ ವರ್ಷ ನಮ್ಮ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡಕ ಕೊಟ್ಟೆವು. ಏಳನೇ ಕ್ಲಾಸಿನ ಹುಡುಗಿ. ಕನ್ನಡಕ ಹಾಕಿಕೊಂಡಳು. ಮೊದಲು ತನ್ನ ಕೈ ನೋಡಿಕೊಂಡಳು. ಆಮೇಲೆ ಜಗಲಿಗೆ ಬಂದು ಅಂತರಗಂಗೆ ಬೆಟ್ಟದ ಕಡೆ ತಿರುಗಿದಳು. ಸುಮಾರು ಹೊತ್ತು ನಿಂತಳು. ಆಮೇಲೆ ನಮ್ಮ ನರ್ಸ್ ಅಕ್ಕನ ಸೆರಗು ಹಿಡಿದು ಕೇಳಿದಳು, "ಅಕ್ಕಾ, ಬೆಟ್ಟದ ಮೇಲೆ ಕಲ್ಲು ಬೇರೆ ಬೇರೆ ಇದಾವಾ?" ಅಷ್ಟು ವರ್ಷ ಅವಳಿಗೆ ಅಂತರಗಂಗೆ ಅಂದರೆ ಬೂದು ಬಣ್ಣದ ಒಂದೇ ಮುದ್ದೆ. ಕೋಲಾರದ ಮಕ್ಕಳು ಹುಟ್ಟಿದಾಗಿನಿಂದ ನೋಡುವ ಬೆಟ್ಟ ಅದು. ನಾನು ಅಲ್ಲಿ ನಿಲ್ಲಲಾಗದೆ ಗಾಡಿಯ ಹತ್ತಿರ ಹೋಗಿ ಅತ್ತೆ.

"ಸರ್ಕಾರವೇ ಫ್ರೀ ಕೊಡುತ್ತಲ್ವಾ?" ಅಂತ ಕೆಲವರು ಕೇಳುತ್ತಾರೆ. ಹೌದು, ಶಾಲಾ ಮಕ್ಕಳ ಕಣ್ಣು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ಯೋಜನೆ ಇದೆ, ಬಹಳ ಮಕ್ಕಳಿಗೆ ಅದರಿಂದ ಅನುಕೂಲ ಆಗಿದೆ. ಆದರೆ ಮಕ್ಕಳು ಬೆಳೆದ ಹಾಗೆ ಪವರ್ ಬದಲಾಗುತ್ತದೆ. ಕಬಡ್ಡಿ ಆಡುವಾಗ ಫ್ರೇಮ್ ಮುರಿಯುತ್ತದೆ, ತಮ್ಮ ಕಡ್ಡಿ ಕಿತ್ತು ಹಾಕುತ್ತಾನೆ. ಆಗ ಮನೆಯವರು, ಮುಂದಿನ ಸಲ ಕೊಟ್ಟಾಗ ನೋಡೋಣ ಅಂತಾರೆ. ಆ ಮಧ್ಯದ ತಿಂಗಳುಗಳಲ್ಲಿ ಮಗು ಮತ್ತೆ ಕುರುಡು ಕುರುಡಾಗಿ ಕೂರುತ್ತದೆ. ನಮ್ಮ ದುಡ್ಡು ಹೋಗುವುದು ಜಾಸ್ತಿ ಅಲ್ಲಿಗೇ, ಎರಡನೇ ಕನ್ನಡಕಕ್ಕೆ. ಪಟ್ಟಿ ಕೊಡುವವರು ಶಾಲೆಯ ಮೇಷ್ಟ್ರುಗಳು. ಪವರ್ ಬರೆಯುವವರು ಕಣ್ಣಿನ ಪರೀಕ್ಷೆ ಓದಿದವರೇ, ನಾವಲ್ಲ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಆಟ ಯಾಕೆ ಬೇಕು?

ನನ್ನ ಒಬ್ಬ ಗೆಳೆಯ ಇದ್ದಾನೆ, ಕೆಟ್ಟವನಲ್ಲ, ಲೆಕ್ಕದಲ್ಲಿ ಗಟ್ಟಿ. ಅವನು ಹೇಳಿದ: "ಏಳು ಜನ 1,500 ಹಾಕಿದ್ರಿ, 10,500 ಆಯ್ತು. ಮನೇಲೇ ಕೂತು ಆ ದುಡ್ಡು ಕೊಟ್ಟಿದ್ರೆ ಇನ್ನೂ 21 ಮಕ್ಕಳಿಗೆ ಕನ್ನಡಕ ಬರ್ತಿತ್ತಲ್ವಾ?" ಲೆಕ್ಕ ಸರಿ ಇದೆ. ಒಪ್ಪುತ್ತೇನೆ. ಆದರೆ ಮನೆಯಲ್ಲಿ ಕೂತಿದ್ದರೆ ನಾವು ಕೊಡುತ್ತಿದ್ದೆವಾ? ನಾನು ನನ್ನ ಬಗ್ಗೆ ಹೇಳುತ್ತೇನೆ. ಈ ತಂಡ ಕಟ್ಟುವುದಕ್ಕೆ ಮುಂಚೆ ಮೂರು ವರ್ಷ ನಾನು ಯಾರಿಗೂ ಒಂದು ರೂಪಾಯಿ ಕೊಟ್ಟಿರಲಿಲ್ಲ. ನಮ್ಮ ಬೀದಿಯ ಒಬ್ಬರು ಮಗಳ ಆಪರೇಷನ್‌ಗೆ ಅಂತ ಮನೆ ಬಾಗಿಲಿಗೆ ಬಂದಿದ್ದರು. ಸಂಬಳ ಆಗಿ ಎರಡೇ ದಿನ ಆಗಿತ್ತು. ಆದರೂ, "ಮುಂದಿನ ವಾರ ನೋಡೋಣ ಅಣ್ಣ" ಅಂದೆ. ಮುಂದಿನ ವಾರ ಅವರು ಬರಲಿಲ್ಲ, ನಾನೂ ಹೋಗಲಿಲ್ಲ. ಆ ಹುಡುಗಿ ಈಗ ಚೆನ್ನಾಗಿದ್ದಾಳೆ, ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ. ನನಗೆ ಮುಖ ಎತ್ತಿ ನೋಡಲಾಗುವುದಿಲ್ಲ. ಆಗ ನನಗೆ ಆಟ ಇರಲಿಲ್ಲ, ಟೈಮೂ ಇತ್ತು, ದುಡ್ಡೂ ಇತ್ತು. ನೆಟ್ಟಗೆ ಧರ್ಮ ಮಾಡಲು ಯಾರೂ ಅಡ್ಡ ಬಂದಿರಲಿಲ್ಲ. ಮಾಡಲಿಲ್ಲ.

ಏಳು ಜನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಂದೇ ಟೆಂಪೊದಲ್ಲಿ ಕೂತು ಹೋಗುವುದಿದೆಯಲ್ಲ, ಅದರಿಂದಲೇ ಉಳಿದದ್ದೆಲ್ಲ ಆಗುತ್ತಿದೆ. ಜನ ಫೋನ್ ಮಾಡಿ ಕೇಳುತ್ತಾರೆ, ಎಷ್ಟು ಔಟಾಯ್ತು, ಗೆದ್ರಾ ಸೋತ್ರಾ ಅಂತ. ಮಂಡಿಯಲ್ಲಿ ಹರಾಜು ಮುಗಿದ ಮೇಲೆ ನಮ್ಮ ಸ್ಕೋರ್ ಮಾತಾಡುತ್ತಾರೆ. ಸುಮ್ನೆ ಡಬ್ಬಿ ಹಿಡಿದು ನಿಂತಿದ್ದರೆ ಆ 64 ಜನರಲ್ಲಿ ಎಷ್ಟು ಜನ ಕೊಡುತ್ತಿದ್ದರು ಹೇಳಿ.

"ಲೆಕ್ಕ ಯಾರು ನೋಡ್ತಾರೆ" ಅಂತ ಹಿಂದಿನಿಂದ ಮಾತಾಡುವವರೂ ಇದ್ದಾರೆ. ಅವರಿಗೆ ಭಾನುವಾರದ ನಾಲ್ಕನೇ ಮ್ಯಾಚ್ ಹೇಳುತ್ತೇನೆ. ಈ ಆಟದಲ್ಲಿ ದೊಡ್ಡ ಮೋಸ ಅಂದರೆ ಮೈಗೆ ಬಿದ್ದ ಬಣ್ಣವನ್ನು ಕೈಯಲ್ಲಿ ಒರೆಸಿಕೊಂಡು ಆಟ ಮುಂದುವರಿಸುವುದು. ನಮ್ಮ ಕ್ಯಾಪ್ಟನ್ ಒಬ್ಬರೇ ಉಳಿದಿದ್ದರು, ಎದುರು ಕೂಡ ಒಬ್ಬನೇ. ಕ್ಯಾಪ್ಟನ್ ಬೆನ್ನ ಹಿಂದೆ, ಗುಂಡು ಇಟ್ಟುಕೊಳ್ಳುವ ಪೌಚ್ ಹತ್ತಿರ ಒಂದು ಗುಂಡು ಬಿದ್ದು ಒಡೆಯಿತು. ಮಾರ್ಷಲ್, ಅಂದರೆ ಅಂಪೈರ್, ಆ ಕಡೆ ಇದ್ದರು, ನೋಡಲಿಲ್ಲ. ಹೊಡೆದವನಿಗೂ ಗೊತ್ತಾಗಲಿಲ್ಲ. ಬಲೆಯ ಹೊರಗೆ ನಿಂತಿದ್ದ ನಮಗೆ ಮಾತ್ರ ಕಿತ್ತಳೆ ಬಣ್ಣ ಇಳಿಯುತ್ತಿದ್ದುದು ಕಾಣಿಸಿತು. ಕ್ಯಾಪ್ಟನ್ ಕೈ ಹಿಂದಕ್ಕೆ ಹಾಕಿ ಮುಟ್ಟಿ ನೋಡಿಕೊಂಡರು, ಬೆರಳು ನೋಡಿದರು, ಮಾರ್ಕರ್ ಮೇಲೆತ್ತಿ ಹೊರಗೆ ನಡೆದು ಬಂದರು. ಆ ಮ್ಯಾಚ್ ಸೋತು ನಾವು ಸೆಮಿಫೈನಲ್ ಕಳೆದುಕೊಂಡೆವು. ವಾಪಸ್ ಬರುವಾಗ ಟೆಂಪೊದಲ್ಲಿ ಯಾರೂ ಅವರನ್ನು ಒಂದು ಮಾತು ಕೇಳಲಿಲ್ಲ. ಯಾರೂ ನೋಡದ ಏಟನ್ನು ತಾನೇ ಒಪ್ಪಿಕೊಂಡು ಬಂದ ಮನುಷ್ಯ ನಿಮ್ಮ 20 ರೂಪಾಯಿ ತಿಂತಾರಾ?

ಗನ್ನು ಹಿಡಿದು ಎಂಥಾ ಧರ್ಮ ಅನ್ನುವವರಿಗೂ ಒಂದು ಮಾತು. ಈ ಯಂತ್ರ ಮೊದಲು ಹುಟ್ಟಿದ್ದು ಕಾಡಿನಲ್ಲಿ ಮರಗಳಿಗೆ ದೂರದಿಂದ ಗುರುತು ಹಾಕಲು. ಮೊದಲ ಆಟ ನಡೆದದ್ದು 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ. ಆಡಿದವರು 12 ಜನ. ಗೆದ್ದವನು ಅರಣ್ಯದ ಕೆಲಸ ಗೊತ್ತಿದ್ದ ಒಬ್ಬ. ಅವನು ಒಂದೇ ಒಂದು ಗುಂಡು ಹೊಡೆಯಲಿಲ್ಲ. ಮರದಿಂದ ಮರಕ್ಕೆ ಸದ್ದಿಲ್ಲದೆ ನಡೆದು, ಗೆಲ್ಲಲು ತರಬೇಕಿದ್ದ ಬಾವುಟ ಎಲ್ಲ ತಂದುಬಿಟ್ಟ. ನಮ್ಮ ನರ್ಸ್ ಅಕ್ಕ ಆಡುವುದೂ ಹಾಗೇ. ಅವರು ಗುಂಡು ಹಾರಿಸುವುದು ಕಡಿಮೆ, ಎದುರಾಳಿ ಎಲ್ಲಿದ್ದಾರೆ ಅಂತ ಕೂಗಿ ಹೇಳುವುದೇ ಜಾಸ್ತಿ. ಅವರಿಲ್ಲದ ಮ್ಯಾಚ್ ನಾವು ಗೆದ್ದದ್ದು ನೆನಪಿಲ್ಲ.

ನಿನ್ನೆಯ ಅಂಗಡಿಯವರ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಸಿಟ್ಟು ಇದೆ, ಮುಚ್ಚಿಡುವುದಿಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ಅವರು ನಮ್ಮ ಮುಂದೆಯೇ 2,000 ರೂಪಾಯಿ ಕೊಟ್ಟರು. ಹಾಡು ಯಾಕೆ ಬೇಕು, ಪೂಜೆ ಸಾಕಲ್ವಾ ಅಂತ ಕೇಳಲಿಲ್ಲ. ಕೇಳಬಾರದು ಕೂಡ. ಹಬ್ಬ ಅಂದಮೇಲೆ ಸಂತೋಷ ಬೇಕು. ಹಾಗಾದರೆ ಮಗುವಿನ ಕಣ್ಣಿಗೆ ದುಡ್ಡು ಕೂಡಿಸುವಾಗ ಮಾತ್ರ ನಾವು ಯಾಕೆ ಸಾವಿನ ಮನೆಯ ಮುಖ ಮಾಡಿಕೊಂಡು ಬರಬೇಕು? ಹೌದು, ನಮಗೆ ಈ ಆಟ ಇಷ್ಟ. ಪ್ರಾಣ. ಓಡಿ ಬಂದು ಬಂಕರ್ ಹಿಂದೆ ಬಿದ್ದಾಗ ಎದೆ ಹೊಡೆದುಕೊಳ್ಳುವುದಿದೆಯಲ್ಲ, ಅದಕ್ಕೋಸ್ಕರ ವಾರವೆಲ್ಲ ಕಾಯುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಅಂಗಡಿಯಿಂದ ಹೊರಟು ಕೊನೆಗೆ ಟೈಲರ್ ಅಣ್ಣನ ಹತ್ತಿರ ಹೋದೆ. ಅವರದು ಬೇರೆಯೇ ಒಪ್ಪಂದ. ನಾವು ಔಟ್ ಮಾಡಿದ್ದಕ್ಕಲ್ಲ, ನಾವು ಔಟಾದದ್ದಕ್ಕೆ ಕೊಡುತ್ತಾರೆ, ಏಟಿಗೆ ಹತ್ತು ರೂಪಾಯಿ. "ಏಟು ತಿಂದವ್ರಿಗೂ ಏನಾದ್ರೂ ಸಿಗ್ಬೇಕಲ್ವಾ" ಅಂತ ಮೊದಲ ಸಲ ಹೇಳಿದ್ದರು. ಈ ಸಲ ಎಷ್ಟು ಅಂದರು. 31 ಅಂದೆ. ಮಿಷನ್ ನಿಲ್ಲಿಸಿ, ಗಲ್ಲಾದಿಂದ 310 ತೆಗೆದು, ನನ್ನ ಮೊಣಕೈಯ ನೀಲಿ ಕಲೆ ನೋಡಿ, "ಅರಿಶಿನ ಹಚ್ಚಿದ್ಯೇನಪ್ಪಾ?" ಅಂದರು.

ಮುಂದಿನ ಟೂರ್ನಮೆಂಟ್ ಬರುವ ತಿಂಗಳ ಎರಡನೇ ಭಾನುವಾರ. ಪಟ್ಟಿಯಲ್ಲಿ ಇನ್ನೂ 14 ಮಕ್ಕಳು ಉಳಿದಿದ್ದಾರೆ, ಅದರಲ್ಲಿ ಇಬ್ಬರಿಗೆ ಎರಡು ಕಣ್ಣಿಗೂ ಪವರ್ ತುಂಬಾ ಜಾಸ್ತಿ ಇದೆ, ಅವರದು ಮೊದಲು ಆಗಬೇಕು. ಬರೆಸುವವರು ನನಗೆ ಮೆಸೇಜ್ ಮಾಡಿ. ಔಟ್ ಮಾಡಿದ್ದಕ್ಕೋ ಔಟಾದದ್ದಕ್ಕೋ ಅಂತ ಮರೆಯದೆ ತಿಳಿಸಿ, ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ.