ರ‍್ಯಾಗ್‌ಟೈಮ್ ಅಂದ್ರೆ ಬರೀ ಪಿಯಾನೋನಾ?

"ರ‍್ಯಾಗ್‌ಟೈಮ್ ಅಂದ್ರೆ ಪಿಯಾನೋ ಮೇಲೆ ಸರಸರ ಬಾರಿಸೋದು, ಅದನ್ನು ವಾದ್ಯವೃಂದದಲ್ಲಿ ನುಡಿಸೋದೆಲ್ಲ ಈಗಿನವರ ಹೊಸ ಐಡಿಯಾ" ಅಂತ, 1900ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಈ ಸಂಗೀತ ಶೈಲಿಯ ಬಗ್ಗೆ ಒಂದು ಫಾರ್ವರ್ಡ್ ಓಡಾಡುತ್ತಿದೆ. ಎರಡೂ ತಪ್ಪು.

ಅಮೆರಿಕದ ಪ್ರಕಾಶಕ ಜಾನ್ ಸ್ಟಾರ್ಕ್ ಆ ಕಾಲದಲ್ಲೇ ಈ ಶೈಲಿಯ ರಚನೆಕಾರ ಸ್ಕಾಟ್ ಜಾಪ್ಲಿನ್ ಮುಂತಾದವರ ರ‍್ಯಾಗ್‌ಗಳನ್ನು ಪಿಟೀಲು, ಕೊಳಲು, ಕ್ಲಾರಿನೆಟ್, ಕಾರ್ನೆಟ್, ಟ್ರಾಂಬೋನ್, ಡ್ರಮ್ ಅಂತ ಪ್ರತಿ ವಾದ್ಯಕ್ಕೂ ಬೇರೆ ಬೇರೆ ಸ್ವರಲಿಪಿ ಹಾಳೆ ಮಾಡಿಸಿ, ಒಟ್ಟಿಗೆ ಸೇರಿಸಿ ಮಾರಿದ್ದರು. ರಟ್ಟು ಕೆಂಪಗಿದ್ದ ಕಾರಣ ವಾದಕರು ಅದಕ್ಕೆ 'ರೆಡ್ ಬ್ಯಾಕ್ ಬುಕ್' ಅಂದರು. ಮುಂದೆ ಬಾಸ್ಟನ್‌ನಲ್ಲಿ ಸಂಗೀತ ಕಾಲೇಜಿನ ಮುಖ್ಯಸ್ಥರಾಗಿದ್ದ ಗುಂಥರ್ ಶುಲ್ಲರ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅದೇ ಹಾಳೆಗಳನ್ನು ನುಡಿಸಿದರು. 1973ರ ಆ ಧ್ವನಿಮುದ್ರಿಕೆಗೆ ಗ್ರ್ಯಾಮಿಯೂ ಬಂತು, ಅದೂ ಶಾಸ್ತ್ರೀಯ ಸಂಗೀತದ ವಿಭಾಗದಲ್ಲಿ!

ಇನ್ನು ವೇಗದ ಮಾತು. ಜಾಪ್ಲಿನ್ ಅವರ ಹಲವು ಕೃತಿಗಳ ಮೇಲೆ, ಇದನ್ನು ಜೋರಾಗಿ ಓಡಿಸಬೇಡಿ, ರ‍್ಯಾಗ್‌ಟೈಮನ್ನು ವೇಗವಾಗಿ ನುಡಿಸೋದು ಯಾವತ್ತೂ ಸರಿಯಲ್ಲ ಅಂತ ಅಚ್ಚಾಗಿದೆ. ಓದಿದವರು ಕಡಿಮೆ, ಅಷ್ಟೇ.