ಶೆರಿಫ್ ಕುರ್ಚಿಗೆ ಮೇಲಧಿಕಾರಿ ಯಾರು?

ಕ್ಯಾಲಿಫೋರ್ನಿಯಾದ ಕೂಪರ್ಟಿನೋದಲ್ಲಿ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಆ ಊರಿಗೆ ಸ್ವಂತ ಪೊಲೀಸ್ ಇಲಾಖೆ ಇಲ್ಲ ಅನ್ನೋದು ಅವರಲ್ಲೇ ಎಷ್ಟು ಜನಕ್ಕೆ ಗೊತ್ತೋ! ಸಾಂಟಾ ಕ್ಲಾರಾ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಕಚೇರಿಗೆ ದುಡ್ಡು ಕಟ್ಟಿ ಬಂದೋಬಸ್ತ್ ಮಾಡಿಸ್ಕೊಳ್ತಾರೆ. ಪಕ್ಕದ ಸಾರಟೋಗದ್ದೂ ಅದೇ ಕಥೆ.

ಶೆರಿಫ್ ಅಂದ್ರೆ ನಮ್ಮ ಎಸ್ಪಿ ಥರ ಅಂದ್ಕೋಬೇಡಿ. ಎಸ್ಪಿಯನ್ನ ಸರ್ಕಾರ ಮನಸ್ಸು ಮಾಡಿದ್ರೆ ರಾತ್ರೋರಾತ್ರಿ ಎತ್ತಂಗಡಿ ಮಾಡುತ್ತೆ. ಶೆರಿಫ್‌ ಆಗೋರು ವೋಟು ಕೇಳಿ ಗೆದ್ದು ಬರ್ತಾರೆ.

ಇದೇ ಸಾಂಟಾ ಕ್ಲಾರಾ ಕೌಂಟಿಗೆ ಶೆರಿಫ್ ಆಗಿದ್ದ ಲಾರಿ ಸ್ಮಿತ್ ಅವರನ್ನೇ ನೋಡಿ. 1973ರಲ್ಲಿ ಇದೇ ಇಲಾಖೆಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, 1998ರಲ್ಲಿ ಚುನಾವಣೆ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಜನರಿಂದ ಆಯ್ಕೆಯಾದ ಮೊದಲ ಮಹಿಳಾ ಶೆರಿಫ್. ಅದಕ್ಕೆ ಸಲಾಂ ಹೊಡೀಲೇಬೇಕು. ಆದರೆ ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕುರ್ಚಿ!

ಜೈಲೂ ಅವರದೇ ಸುಪರ್ದಿ. 2015ರಲ್ಲಿ ಮೈಕಲ್ ಟೈರೀ ಅನ್ನೋ ಮಾನಸಿಕ ಅಸ್ವಸ್ಥ ಕೈದಿ ಕಾವಲುಗಾರರ ಹೊಡೆತಕ್ಕೆ ಸತ್ತ. ದೇಶವೆಲ್ಲಾ ಸುದ್ದಿಯಾಯ್ತು. 2018ರಲ್ಲಿ ಮತ್ತೆ ಅವರೇ ಗೆದ್ದರು.

ಕೊನೆಗೆ ಸಿಕ್ಕಿಬಿದ್ದಿದ್ದು ಬಂದೂಕಿನ ಪರ್ಮಿಟ್‌ನಲ್ಲಿ. ಮರೆಮಾಡಿ ಬಂದೂಕು ಒಯ್ಯೋಕೆ ಯಾರಿಗೆ ಪರ್ಮಿಟ್ ಕೊಡಬೇಕು ಅನ್ನೋದು ಆಗ ಬಹುಪಾಲು ಶೆರಿಫ್ ಮರ್ಜಿ. ಬೇಕಾದವರಿಗೆ ಕೊಟ್ಟು, ಸಾಮಾನ್ಯರ ಅರ್ಜಿ ಮೂಲೆಗೆ ಎಸೆದರು ಅನ್ನೋದು ಆರೋಪ. ಜೊತೆಗೆ ಸ್ಯಾನ್ ಹೋಸೆಯ ಐಸ್ ಹಾಕಿ ಪಂದ್ಯದ್ದೊಂದು ಪ್ರಸಂಗ: 2019ರ ಫೆಬ್ರವರಿ 14ರಂದು ಪರ್ಮಿಟ್ ಪಡೆದವರೊಬ್ಬರ ಐಷಾರಾಮಿ ಖಾಸಗಿ ಕೋಣೆಯಲ್ಲಿ ಕೂತು ಆಟ ನೋಡಿದರು, ಆ ಉಡುಗೊರೆ ಮುಚ್ಚಿಡೋಕೆ ಅಗ್ಗದ ಟಿಕೆಟ್ ಕೊಂಡಿದ್ದರು ಅಂತ. ಶೆರಿಫ್‌ಗೆ ಇಷ್ಟು ಸಣ್ಣ ಜಾಣತನ ಯಾಕೆ ಬೇಕಿತ್ತೋ!

ಕೌಂಟಿಯ ಆಡಳಿತ ಮಂಡಳಿ 2021ರಲ್ಲಿ ಅವಿಶ್ವಾಸ ಗೊತ್ತುವಳಿ ಪಾಸು ಮಾಡಿತು. ಏನೂ ಆಗಲಿಲ್ಲ, ಕಿತ್ತುಹಾಕೋ ಅಧಿಕಾರವೇ ಅವರಿಗಿಲ್ಲ. ನಾಗರಿಕರ ತನಿಖಾ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಿ, ವಿಚಾರಣೆ ಮುಗಿದು, ತೀರ್ಪು ಕೊಡೋ ಜ್ಯೂರಿ ಒಳಗೆ ಚರ್ಚೆ ಮಾಡ್ತಿರುವಾಗಲೇ, 2022ರ ಅಕ್ಟೋಬರ್ 31ಕ್ಕೆ ಸ್ಮಿತ್ ರಾಜೀನಾಮೆ ಕೊಟ್ಟರು. ನವೆಂಬರ್ 3ಕ್ಕೆ ತಪ್ಪಿತಸ್ಥರು ಅಂತ ತೀರ್ಪು ಬಂತು. ಅದಕ್ಕಿದ್ದ ಶಿಕ್ಷೆ ಹುದ್ದೆಯಿಂದ ವಜಾ ಮಾಡೋದು ಮಾತ್ರ. ಹುದ್ದೆ ಆಗಲೇ ಬಿಟ್ಟಾಗಿತ್ತಲ್ಲ!

ನಮ್ಮಲ್ಲಿ ವರ್ಗಾವಣೆ ದಂಧೆಗೆ ಬೇಸತ್ತವರು 'ಪೊಲೀಸ್ ಮುಖ್ಯಸ್ಥರನ್ನೂ ಜನರೇ ಆರಿಸಲಿ' ಅಂತಾರೆ. ನಾನು ಒಪ್ಪಲ್ಲ. ಮಧ್ಯದಲ್ಲಿ ತೆಗೆಯೋ ದಾರಿ ಸಲೀಸಾಗಿ ಇಲ್ಲದಿದ್ರೆ ವೋಟು ಅನ್ನೋದು ಗೆದ್ದವರಿಗೆ ಗುರಾಣಿ ಆಗಿಬಿಡುತ್ತೆ. ಸ್ಮಿತ್ ಜಾಗಕ್ಕೆ ಪಾಲೋ ಆಲ್ಟೋದ ಪೊಲೀಸ್ ಮುಖ್ಯಸ್ಥರಾಗಿದ್ದ ಬಾಬ್ ಜಾನ್ಸನ್ ಗೆದ್ದು ಬಂದರು. ಚುನಾವಣೆ ವೇಳಾಪಟ್ಟಿ ಬದಲಾಗಿರೋದರಿಂದ ಈ ಒಂದು ಸಲ ಅವಧಿ ನಾಲ್ಕಲ್ಲ, ಆರು ವರ್ಷ. ಅಲ್ಲಿ ವೋಟಿರೋ ನಮ್ಮವರಿಗೆ ಮುಂದಿನ ಸರದಿ 2028ಕ್ಕೆ.