ವಯಸ್ಸಾಗದ ಬಿಲ್ಲು

ಹದಿನೈದು ವರ್ಷ ಹಳೆಯ ಐಷಾರಾಮಿ ಕಾರೊಂದು ಮಾರಾಟಕ್ಕಿದೆ ಎಂದರೆ, ಅದರ ಬೆಲೆ ಕೇಳಿದವನ ತಲೆಯಲ್ಲಿ ಮೊದಲು ಏಳುವುದು ಆಸೆಯಲ್ಲ, ಲೆಕ್ಕ. ಎಂಟು ಸಿಲಿಂಡರಿನ ಎಂಜಿನ್, ಚರ್ಮ ಹೊದಿಸಿದ ಸೀಟು, ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುವ ವೇಗ. ಇಷ್ಟೆಲ್ಲ ಇದ್ದೂ ಷೋರೂಮಿಗೆ ನಿನ್ನೆ ಬಂದಿಳಿದ ಸಾಧಾರಣ ಸಣ್ಣ ಕಾರಿನ ದರಕ್ಕೆ ಸಿಗುತ್ತಿದೆಯಲ್ಲ! ಆಸೆ ಬರುವುದು ಆಮೇಲೆ, ಅದೂ ಲೆಕ್ಕದ ವೇಷ ಹಾಕಿಕೊಂಡು. ಉಳಿತಾಯ ಎಂದು ಮನೆಯವರ ಮುಂದೆ ವಾದಿಸಬಹುದಾದ ದುಂದು ಇದೊಂದೇ ಇರಬೇಕು.

ಲೆಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. ಕೂಡಿದ್ದು, ಕಳೆದದ್ದು ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಅದು ಕಾರು ಕೊಳ್ಳುವ ಲೆಕ್ಕ, ಇಟ್ಟುಕೊಳ್ಳುವ ಲೆಕ್ಕವಲ್ಲ. ಕಾರಿಗೆ ವಯಸ್ಸಾದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬ್ರೇಕ್ ಡಿಸ್ಕಿನ ಬೆಲೆ ಇಳಿಯುವುದಿಲ್ಲ. ಹೆಡ್‌ಲೈಟಿನದು ಇಳಿಯುವುದಿಲ್ಲ, ಗೇರ್‌ಬಾಕ್ಸಿನದಂತೂ ಇಳಿಯುವ ಮಾತೇ ಇಲ್ಲ. ಅವೆಲ್ಲ ಕಾರು ಹೊಸದಾಗಿದ್ದಾಗ ಅದನ್ನು ಕೊಂಡ ಸಿರಿವಂತನ ಜೇಬು ನೋಡಿ ಕಟ್ಟಿದ ದರಗಳು. ಕಾರೀಗ ಮೂರನೇ ಕೈಗೆ ಬಂದಿದೆ, ಈಗಿನ ಒಡೆಯ ತಿಂಗಳ ಸಂಬಳದವನು ಎಂಬ ಸುದ್ದಿ ಬಿಡಿಭಾಗಗಳ ಗೋದಾಮಿನ ತನಕ ಹೋಗುವುದೇ ಇಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವೆ, ಸರಿ. ಆದರೆ ಆನೆಯನ್ನು ಕಾಲು ಬೆಲೆಗೆ ಕೊಂಡೆನೆಂದು ಅದಕ್ಕೆ ಕಾಲು ಹೊಟ್ಟೆ ಮೇವು ಹಾಕಿ ಸಾಕಲಾಗುತ್ತದೆಯೇ?

ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆ ಎಂದು ಇಂಥ ಕಾರಿನವರನ್ನು ಕೇಳಿ ನೋಡಿ. ಥಟ್ಟನೆ ಒಂದು ಅಂಕಿ ಹೇಳಿದರೆ ನಂಬಬೇಡಿ. ಒಂದು ವರ್ಷ ಆಯಿಲ್ ಬದಲಿಸಿ, ಫಿಲ್ಟರ್ ಹಾಕಿಸಿ, ಬಾನೆಟ್ ಮುಚ್ಚಿದರೆ ಮುಗಿಯಿತು. ಮರುವರ್ಷ ಅದೇ ಕಾರು ಮೂರು ವರ್ಷದ ಬಾಕಿಯನ್ನು ಒಂದೇ ವಾರದಲ್ಲಿ ವಸೂಲಿ ಮಾಡುತ್ತದೆ. ಎಲ್ಲವನ್ನೂ ಕೂಡಿ ಭಾಗಿಸಿದರೆ ಒಂದು ಸರಾಸರಿಯೇನೋ ಸಿಕ್ಕೀತು, ಆದರೆ ಅಷ್ಟೇ ಖರ್ಚಾದ ವರ್ಷವನ್ನು ಯಾರೂ ಕಂಡಿರುವುದಿಲ್ಲ. ಕಾರು ಮಾರಲು ಹೊರಟವನಿಗೆ ಆಯಿಲ್ ಬದಲಿಸಿದ ವರ್ಷವಷ್ಟೇ ನೆನಪಿರುತ್ತದೆ. ಗ್ಯಾರೇಜಿನಿಂದ ಈಗಷ್ಟೇ ಹೊರಬಂದವನಿಗೆ ಇನ್ನೊಂದು ವರ್ಷ.

ಆಯಿಲ್ ಎಂದರೂ ಅದು ಬರೀ ಆಯಿಲ್ ಅಲ್ಲ. 2005ರಲ್ಲಿ ಬಂದ ಬಿಎಂಡಬ್ಲ್ಯು ಎಂ5ನ ಹತ್ತು ಸಿಲಿಂಡರಿನ ಎಂಜಿನ್ ಒಂದು ಸಲಕ್ಕೆ ಒಂಬತ್ತು ಲೀಟರಿಗೂ ಹೆಚ್ಚು ಆಯಿಲ್ ಹಿಡಿಸುತ್ತದೆ. ಸಾಧಾರಣ ಕಾರು ನಾಲ್ಕು ಲೀಟರಿಗೆ ತೃಪ್ತಿ ಪಡುತ್ತದೆ. ಆ ಒಂಬತ್ತೂ 10ಡಬ್ಲ್ಯು-60 ಎಂಬ ದಪ್ಪ ಜಾತಿಯದೇ ಆಗಬೇಕು, ಕೈಗೆ ಸಿಕ್ಕ ಡಬ್ಬಿ ಸುರಿಯುವಂತಿಲ್ಲ. ಈ ಕಾರಿನ ಇನ್ನೊಂದು ವಿನಯ ನನಗೆ ಬಲು ಇಷ್ಟ. ಅದಕ್ಕೆ 507 ಅಶ್ವಶಕ್ತಿ ಇದೆಯಾದರೂ ಸ್ಟಾರ್ಟ್ ಮಾಡಿದಾಗ 400 ಮಾತ್ರ ಬಿಟ್ಟುಕೊಡುತ್ತದೆ. ಉಳಿದದ್ದು ಬೇಕೆಂದರೆ ಒಂದು ಗುಂಡಿ ಒತ್ತಬೇಕು. ಬಿಲ್ಲಿಗೆ ಮಾತ್ರ ಅಂಥ ಗುಂಡಿ ಇಲ್ಲ. ಅದು ಯಾವಾಗಲೂ 507ರ ಲೆಕ್ಕದಲ್ಲೇ ಬರುತ್ತದೆ.

ಇದೇ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬೇರಿಂಗುಗಳು, ಎಂದರೆ ಪಿಸ್ಟನ್ನಿನ ತೋಳು ತಿರುಗುವ ಶಾಫ್ಟನ್ನು ಹಿಡಿಯುವಲ್ಲಿ ಕೂರುವ ಲೋಹದ ತೆಳು ಪಟ್ಟಿಗಳು, ಬೇಗ ಸವೆಯುತ್ತವೆಂಬ ಹೆಸರು ಪಡೆದಿವೆ. ಬಲ್ಲವರು ಅವು ಕೆಡುವ ಮುಂಚೆಯೇ ಬದಲಿಸಿಬಿಡುತ್ತಾರೆ, ಏಕೆಂದರೆ ಕೆಟ್ಟ ಮೇಲೆ ಬದಲಿಸಬೇಕಾದ್ದು ಎಂಜಿನ್ನನ್ನೇ. ಹಾಗೆ ತೆಗೆದ ಹಳೆಯ ಬೇರಿಂಗುಗಳನ್ನು ಸಾಲಾಗಿ ಜೋಡಿಸಿ ಫೋಟೊ ಹಿಡಿಯುತ್ತಾರೆ. ಆಗಿನ ಮುಖಭಾವ ನೋಡಬೇಕು! ಬೇರಿಂಗು ಸವೆದು ತಾಮ್ರದ ಬಣ್ಣ ಕಂಡರೆ ಆನಂದವೋ ಆನಂದ, ಸಕಾಲಕ್ಕೆ ಬಿಚ್ಚಿಸಿದೆವಲ್ಲ ಎಂದು. ಚೆನ್ನಾಗಿಯೇ ಇದ್ದರೆ ದುಃಖ. ತನ್ನ ಕಾರಿನ ಒಳಗೆ ಹಾಳಾಗಿದೆ ಎಂದು ತಿಳಿದು ಹಿಗ್ಗುವ ಮನುಷ್ಯರು ಇವರನ್ನು ಬಿಟ್ಟರೆ ಬೇರೆಲ್ಲೂ ಸಿಗಲಾರರು.

ಟೈರಿನ ವಿಚಾರ ಬೇಗ ಹೇಳಿ ಮುಗಿಸಬಹುದು, ಟೈರುಗಳೂ ಬೇಗ ಮುಗಿಯುವಂಥವೇ. ಹಿಂದಿನವು ಅಗಲ, ಮುಂದಿನವು ಕಿರಿದು, ಹಾಗಾಗಿ ಹಿಂದಿನದನ್ನು ಮುಂದಕ್ಕೆ ಹಾಕಿ ನಾಲ್ಕು ದಿನ ಹೆಚ್ಚು ಓಡಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಓಡಿಸದೆ ನಿಲ್ಲಿಸಿದರೂ ರಬ್ಬರು ಗಟ್ಟಿಯಾಗುತ್ತ ಹೋಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಜಾತಕವೊಂದು ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ್ದು. ಹಳೇ ಕಾರು ನೋಡಲು ಹೋದವರು ಪೇಂಟಿನ ಹೊಳಪು ನೋಡುವುದಕ್ಕಿಂತ ಬಗ್ಗಿ ಇದನ್ನು ಓದುವುದು ಲೇಸು. ಟೈರು ತಿನ್ನುವುದರಲ್ಲಿ ತುತ್ತತುದಿ ಯಾವುದೆಂದು ಕೇಳಿದರೆ ಬುಗಾಟಿ ವೇರಾನ್: ಹದಿನಾರು ಸಿಲಿಂಡರು, ನಾಲ್ಕು ಟರ್ಬೊ, ಹತ್ತು ರೇಡಿಯೇಟರು. ಗಂಟೆಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ಅದರ ಪರಮಾವಧಿ ವೇಗದಲ್ಲಿ ಟೈರು ಹದಿನೈದು ನಿಮಿಷ ಬಾಳುತ್ತದೆ ಎನ್ನುವ ಲೆಕ್ಕ ಪ್ರಸಿದ್ಧ. ಗಾಬರಿ ಬೇಡ, ನೂರು ಲೀಟರಿನ ಟ್ಯಾಂಕು ಹನ್ನೆರಡು ನಿಮಿಷಕ್ಕೇ ಬರಿದಾಗಿರುತ್ತದೆ.

ನಿಜವಾದ ಖರ್ಚು ಇರುವುದು ಸಾಮಾನಿನಲ್ಲಲ್ಲ, ಆ ಸಾಮಾನಿನ ಬಳಿಗೆ ಹೋಗುವ ದಾರಿಯಲ್ಲಿ. ದೊಡ್ಡ ಎಂಜಿನ್ನನ್ನು ಸಣ್ಣ ಜಾಗಕ್ಕೆ ತುರುಕಿದವರು ನಾಳೆ ಅಲ್ಲಿಗೆ ಒಬ್ಬ ಮೆಕ್ಯಾನಿಕ್ಕಿನ ಕೈ ಹೋಗಬೇಕೆಂಬುದನ್ನು ಕೊನೆಗೆ ನೆನೆದಿರುತ್ತಾರೆ, ಇಲ್ಲವೇ ನೆನೆದೇ ಇರುವುದಿಲ್ಲ. 2003ರ ಸುಮಾರಿಗೆ ಆಡಿ ಕಂಪನಿ ತನ್ನ ಎಸ್4 ಕಾರಿಗೆ 4.2 ಲೀಟರಿನ ವಿ8 ಎಂಜಿನ್ ಕೂರಿಸಿತು. ಜಾಗ ಸಾಲದೆಂದು, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನುಗಳನ್ನೆಲ್ಲ ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗೆ ಸಾಗಿಸಿತು. ಚೈನನ್ನು ಹಿಡಿದಿಡುವ ಗೈಡುಗಳು ಪ್ಲಾಸ್ಟಿಕ್ಕಿನವು. ಅವು ಸವೆದಾಗ ಬೆಳಗಿನ ಮೊದಲ ಸ್ಟಾರ್ಟಿಗೆ ಒಳಗಿನಿಂದ ಗಲಗಲ ಸದ್ದು ಬರುತ್ತದೆ. ಆ ಪ್ಲಾಸ್ಟಿಕ್ ತುಂಡುಗಳನ್ನು ಬದಲಿಸಲು ಇಡೀ ಎಂಜಿನ್ ಹೊರಗೆ ಬರಬೇಕು. ಫೆರಾರಿ ಎಫ್355ರಲ್ಲಂತೂ ಏನೂ ಕೆಡದಿದ್ದರೂ, ಬರೀ ಟೈಮಿಂಗ್ ಬೆಲ್ಟ್ ಬದಲಿಸುವುದಕ್ಕೇ ಎಂಜಿನ್ ಇಳಿಸಬೇಕಾಗಿತ್ತು. ಮುಂದಿನ 360ರಲ್ಲಿ ಸೀಟಿನ ಹಿಂದೆ ಕೈ ಹೋಗುವಷ್ಟು ಕಿಂಡಿ ಬಿಟ್ಟರು. ಕಾರುಗಳ ಚರಿತ್ರೆ ಬರೆಯುವವರು ಆ ಕಿಂಡಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಎಂಜಿನ್ ಇಳಿದು ನೆಲದ ಮೇಲೆ ಕೂತ ಹೊತ್ತಿನಲ್ಲೇ ಮೆಕ್ಯಾನಿಕ್ ಬಾಯಿಂದ ಆ ಮಾತು ಬರುತ್ತದೆ: "ಹೆಂಗೂ ಬಿಚ್ಚಿದೀವಲ್ಲ ಸಾರ್, ಇದನ್ನೂ ಹಾಕಿಸ್ಬಿಡಿ." ಇಷ್ಟು ಕಡಿಮೆ ಪದಗಳಲ್ಲಿ ಇಷ್ಟು ಹಣ ಖರ್ಚು ಮಾಡಿಸುವ ವಾಕ್ಯ ಇನ್ನೊಂದಿಲ್ಲ. ಅದರಲ್ಲಿ ಮೋಸವಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹತ್ತಕ್ಕೆ ಎಂಟು ಸಲ ಅವನು ಹೇಳುವುದು ಸರಿಯೇ ಇರುತ್ತದೆ, ಅದೇ ಕಷ್ಟ. ಆಯಿಲ್ ಸೀಲ್ ಒಂದು ಹಿಡಿಯಷ್ಟಿಲ್ಲ, ಬೆಲೆಯೂ ಅಲ್ಪ. ಆದರೆ ಇವತ್ತು ಬಿಟ್ಟು ನಾಳೆ ಅದು ಸೋರಿದರೆ ಅದೇ ಲೇಬರ್ ಚಾರ್ಜು ಮತ್ತೊಮ್ಮೆ. ಹೀಗೆ ಚೈನಿನ ಗೈಡಿಗೆಂದು ಹೋದ ಕಾರು ವಾಟರ್ ಪಂಪು, ಥರ್ಮೋಸ್ಟಾಟ್, ಎಂಜಿನ್ ಮೌಂಟ್, ನಾಲ್ಕಾರು ಹೋಸುಗಳನ್ನು ಹೊಸದಾಗಿ ತೊಟ್ಟುಕೊಂಡು ಬರುತ್ತದೆ. 1990ರ ದಶಕದ ಕೊನೆಯಿಂದ ಕೆಲವು ವರ್ಷ ಬಂದ ಪೋರ್ಷೆ 911ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಎಂಬುದೊಂದಿದೆ. ಅಂಗೈಯಲ್ಲಿ ಮುಚ್ಚಿಡಬಹುದಾದ ವಸ್ತು, ಮುರಿದರೆ ಇಡೀ ಎಂಜಿನ್ ಗುಜರಿ. ಅದರ ಬಳಿ ಹೋಗಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ಚಿಗೂ ಹಾಗೆಯೇ. ಆದ್ದರಿಂದ ಜಾಣರು ಕ್ಲಚ್ ಸವೆಯುವುದನ್ನೇ ಕಾಯುತ್ತಾರೆ. ತನ್ನ ಕ್ಲಚ್ ಬೇಗ ಸವೆಯಲೆಂದು ಹಾರೈಸುವ ಸ್ಥಿತಿ ಎಂದರೆ ಸಾಮಾನ್ಯವಲ್ಲ.

ಅತಿ ಬುದ್ಧಿವಂತಿಕೆಯ ಖರ್ಚು ಬೇರೆಯೇ ಒಂದು ಖಾತೆ. ಮರ್ಸಿಡಿಸ್‌ನವರು ಈ ಶತಮಾನದ ಆರಂಭದಲ್ಲಿ ತಮ್ಮ ಎಸ್‌ಎಲ್ ಮತ್ತು ಇ-ಕ್ಲಾಸ್ ಕಾರುಗಳಿಗೆ ಕರೆಂಟಿನ ಆಜ್ಞೆಯ ಮೇಲೆ ಹಿಡಿಯುವ ಬ್ರೇಕನ್ನು ಜೋಡಿಸಿದರು. ಸೊಗಸಾದ ವ್ಯವಸ್ಥೆ, ಆದರೆ ಅದರೊಳಗೊಬ್ಬ ಗುಮಾಸ್ತ ಕೂತಿದ್ದ. ನೀವು ಎಷ್ಟು ಸಲ ಬ್ರೇಕ್ ಒತ್ತಿದಿರೆಂದು ಎಣಿಸುತ್ತ ಹೋಗಿ, ಗೊತ್ತುಪಡಿಸಿದ ಸಂಖ್ಯೆ ದಾಟಿದೊಡನೆ ಪಂಪು ಬದಲಿಸಿ ಎಂದು ಡ್ಯಾಷ್‌ಬೋರ್ಡಿನಲ್ಲಿ ದೀಪ ಹಚ್ಚುತ್ತಿದ್ದ. ಟ್ರಾಫಿಕ್ಕಿನಲ್ಲಿ ಒತ್ತಿದರೂ ಒಂದು, ಮನೆಯ ಮುಂದೆ ಸುಮ್ಮನೆ ಒತ್ತಿದರೂ ಒಂದು. ಅದಕ್ಕೂ ಹಿಂದೆ, 1990ರ ದಶಕದ ಮೊದಲರ್ಧದಲ್ಲಿ, ಇದೇ ಕಂಪನಿ ಪರಿಸರಕ್ಕೆ ಹಿತವೆಂದು ತಾನಾಗಿ ಕರಗಿ ಹೋಗಬಲ್ಲ ಹೊದಿಕೆಯ ವೈರುಗಳನ್ನು ಹಾಕಿತು. ಹೊದಿಕೆ ಮಾತು ತಪ್ಪಲಿಲ್ಲ. ಕಾರು ಗುಜರಿಗೆ ಹೋಗುವ ತನಕ ಕಾಯುವ ತಾಳ್ಮೆಯಿಲ್ಲದೆ, ಎಂಜಿನ್ನಿನ ಬಿಸಿಗೆ ಬಾನೆಟ್ಟಿನ ಕೆಳಗೇ ಪುಡಿಪುಡಿಯಾಗಿ ಉದುರಿತು.

ಗಾಳಿಯ ಸಸ್ಪೆನ್ಷನ್ನಿನ ಕಥೆ ಇನ್ನೂ ನಯವಾದದ್ದು. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲ, ಅದರ ಮೇಲೆ ಕಾರು ತೇಲುತ್ತದೆ. ವರ್ಷಗಳು ಕಳೆದಂತೆ ರಬ್ಬರಿನಲ್ಲಿ ಕೂದಲೆಳೆಯ ಬಿರುಕು. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ಕಂಪ್ರೆಸರು ಬಡಬಡ ಗಾಳಿ ತುಂಬಿ ಮತ್ತೆ ಎತ್ತಿ ನಿಲ್ಲಿಸುತ್ತದೆ, ನಾವು ಏನೂ ಆಗಿಲ್ಲವೆಂದುಕೊಂಡು ಹೊರಡುತ್ತೇವೆ. ಸೋರುವ ಚೀಲ ತುಂಬಿ ತುಂಬಿ ಸುಸ್ತಾದ ಕಂಪ್ರೆಸರು ಒಂದು ದಿನ ಸುಟ್ಟು ಹೋದಾಗ ಒಂದರ ಬಿಲ್ಲು ಎರಡಾಗಿರುತ್ತದೆ. ನೇರ ಇಂಧನ ಇಂಜೆಕ್ಷನ್ನಿನ ಎಂಜಿನ್ನುಗಳದು ಇನ್ನೊಂದು ಪಾಡು. ಪೆಟ್ರೋಲು ಸೀದಾ ಸಿಲಿಂಡರಿಗೇ ಹೋಗುವುದರಿಂದ ಇನ್‌ಟೇಕ್ ವಾಲ್ವುಗಳನ್ನು ತೊಳೆಯುವವರಿಲ್ಲ, ಅವುಗಳ ಬೆನ್ನಿಗೆ ಮಸಿ ಕಟ್ಟುತ್ತದೆ. ಅದನ್ನು ತೆಗೆಯಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಊದುತ್ತಾರೆ. ಮಸಿಯನ್ನು ಕೆರೆಯುವಷ್ಟು ಗಟ್ಟಿ, ಲೋಹಕ್ಕೆ ಗೀರು ಬೀಳದಷ್ಟು ಮೆತ್ತಗೆ. ಅಷ್ಟೆಲ್ಲ ಕಂಪ್ಯೂಟರು ತುಂಬಿದ ಯಂತ್ರ ಕಡೆಗೆ ಒಂದು ಕಾಯಿಯ ಸಿಪ್ಪೆಗೆ ಶರಣಾಗುವುದು ನೋಡಿದರೆ ಬಿಲ್ಲು ಕಟ್ಟುವಾಗಲೂ ಸಣ್ಣ ನಗು ಬರುತ್ತದೆ.

ಹಾಗಾದರೆ ಓಡಿಸದೆ ಇಟ್ಟರಾಯಿತು, ಭಾನುವಾರ ಒಂದು ಸುತ್ತು ಸಾಕು ಎಂದು ಕೆಲವರು ಉಪಾಯ ಹೂಡುತ್ತಾರೆ. ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಲಾಕ್ ಮಾಡಿದ ಮೇಲೂ ಅದರ ಕಂಪ್ಯೂಟರುಗಳು ಅರೆನಿದ್ದೆಯಲ್ಲಿ ಬ್ಯಾಟರಿ ಹೀರುತ್ತಿರುತ್ತವೆ. ಸೀಲುಗಳು ಒಣಗುತ್ತವೆ, ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಬ್ರೇಕ್ ಆಯಿಲಂತೂ ಸುಮ್ಮನಿದ್ದಲ್ಲೇ ಗಾಳಿಯ ತೇವ ಕುಡಿಯುವ ಜಾತಿ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬ ನಿಯಮವಿದೆ. ನೀರು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವೇಗವಾಗಿ ಓಡುವ ಭಾರದ ಕಾರಿಗೆ ಈ ವ್ಯತ್ಯಾಸ ಸಣ್ಣದಲ್ಲ, ಆದ್ದರಿಂದ ಕಿಲೋಮೀಟರು ಎಷ್ಟೇ ಆಗಿರಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುತ್ತಾರೆ.

ಇಷ್ಟು ಓದಿದವರಿಗೆ ನಾನು ಹಳೇ ಕಾರಿನ ವೈರಿ ಎನಿಸಬಹುದು. ಅಲ್ಲ. ನನ್ನ ಪ್ರಕಾರ ಇದರಲ್ಲಿ ಅತಿ ಹೆಚ್ಚು ಹಣ ಕಳೆದುಕೊಂಡವನು ಈಗಿನ ಒಡೆಯನಲ್ಲ, ಮೊದಲನೆಯವನು. ಹೊಸ ಕಾರನ್ನು ಷೋರೂಮಿನಿಂದ ಹೊರತಂದು ನಾಲ್ಕೈದು ವರ್ಷ ಇಟ್ಟುಕೊಂಡು ಮಾರಿದನಲ್ಲ, ಅಷ್ಟರಲ್ಲಿ ಅದರ ಬೆಲೆ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದಿರುತ್ತದೆ. ಆ ನಷ್ಟದಲ್ಲಿ ಎರಡು ಸಲ ಎಂಜಿನ್ ಇಳಿಸಿ ಹತ್ತಿಸಬಹುದಿತ್ತು. ಆದರೆ ಆ ನಷ್ಟಕ್ಕೆ ಯಾರೂ ರಸೀತಿ ಬರೆದು ಕೊಡಲಿಲ್ಲ. ಮೇಜಿನ ಆಚೆ ಕೂತು "ಜಿಎಸ್‌ಟಿ ಸೇರಿ ಇಷ್ಟಾಯ್ತು" ಎಂದವರಿಲ್ಲ. ಕಾರು ನಿಂತಲ್ಲೇ ಬೆಲೆ ಕಳಚಿಕೊಳ್ಳುತ್ತಿತ್ತು, ಅವನು ಅದರಲ್ಲೇ ಆರಾಮವಾಗಿ ಹಾಡು ಕೇಳುತ್ತಿದ್ದ. ಮೂರನೆಯ ಒಡೆಯ ಕಳೆದುಕೊಳ್ಳುವುದು ಅದಕ್ಕಿಂತ ಕಡಿಮೆಯೇ ಇದ್ದೀತು. ಆದರೆ ಅವನು ಪ್ರತಿ ಬೇರಿಂಗಿಗೂ ಸಹಿ ಹಾಕಿ ಕಳೆದುಕೊಳ್ಳಬೇಕು. ಅವನಿಗೆ ಉರಿಯುವುದು ಅಲ್ಲಿ.

ಅದಕ್ಕೆ ಬದಲಾಗಿ ಅವನಿಗೆ ಸಿಗುವ ವಿದ್ಯೆಯೂ ಇದೆಯೆನ್ನಿ. ಮೊದಲ ಒಡೆಯನಿಗೆ ಬಾನೆಟ್ ತೆರೆಯುವ ಪಿಡಿ ಎಲ್ಲಿದೆಯೆಂದೂ ಗೊತ್ತಿದ್ದಿರಲಿಕ್ಕಿಲ್ಲ. ಇವನಿಗೆ ಕೂಲೆಂಟ್ ಸೋರಿದರೆ ಬರುವ ಸಿಹಿವಾಸನೆ ಗೊತ್ತು, ಯಾವ ಸದ್ದು ಬುಷ್ಷಿನದು, ಯಾವುದು ಬಾಲ್ ಜಾಯಿಂಟಿನದು ಗೊತ್ತು. ಗೇರ್‌ಬಾಕ್ಸಿನ ಆಯಿಲನ್ನು ಜೀವಮಾನವಿಡೀ ಬದಲಿಸುವುದೇ ಬೇಡವೆಂದು ಕಾರು ಕಂಪನಿಗಳು ಹೇಳಿಕೊಂಡು ಬಂದಿದ್ದರೂ, ಆ ಗೇರ್‌ಬಾಕ್ಸ್ ಮಾಡಿಕೊಟ್ಟ ಜೆಡ್‌ಎಫ್ ಕಂಪನಿ ಎಂಬತ್ತು ಸಾವಿರದಿಂದ ಒಂದು ಲಕ್ಷದ ಇಪ್ಪತ್ತು ಸಾವಿರ ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆಂಬುದೂ ಗೊತ್ತು. ಊಟಕ್ಕೆ ಕರೆದರೆ ಇದನ್ನೆಲ್ಲ ಹೇಳುತ್ತಾನೆ, ಎಚ್ಚರವಿರಲಿ.

ಇಂಥವನು ಬಿಲ್ಲುಗಳನ್ನು ಬಿಸಾಡುವುದಿಲ್ಲ. ತಾರೀಖಿನ ಪ್ರಕಾರ ಫೈಲಿನಲ್ಲಿ ಜೋಡಿಸುತ್ತಾನೆ, ಒಟ್ಟು ಮೊತ್ತ ಮಾತ್ರ ಎಲ್ಲೂ ಬರೆಯುವುದಿಲ್ಲ. ಮನೆಯವರಿಗೆ ಕಾಣದಂತೆ ಇಟ್ಟ ಆ ದಪ್ಪ ಫೈಲನ್ನು ಕಾರು ಮಾರುವ ದಿನ ಮೆರವಣಿಗೆಯಲ್ಲಿ ಹೊರತರುತ್ತಾನೆ. ಅಷ್ಟು ದಿನ ಮುಚ್ಚಿಟ್ಟ ಖರ್ಚೆಲ್ಲ ಅವತ್ತು ಹೆಗ್ಗಳಿಕೆ. ಕೊಳ್ಳಲು ಬಂದವನು ಹಾಳೆ ತಿರುವುತ್ತ ಹೋಗುತ್ತಾನೆ. ಚೈನು ಆಗಿದೆ, ಕ್ಲಚ್ ಆಗಿದೆ, ಗಾಳಿಚೀಲ ನಾಲ್ಕೂ ಹೊಸವು. ಮೆಚ್ಚಿ ತಲೆದೂಗಿ ಫೈಲು ಮುಚ್ಚುತ್ತಾನೆ. "ಎಲ್ಲಾ ಚೆನ್ನಾಗಿ ಮಾಡಿಸಿದೀರಿ ಸಾರ್. ಆದ್ರೆ ಹಳೇ ಗಾಡಿ ಅಲ್ವಾ, ಮುಂದೆ ನಂಗೂ ಖರ್ಚು ಬರುತ್ತೆ. ಸ್ವಲ್ಪ ನೋಡಿ ಹೇಳಿ."